ಬಿಸಿಯಲ್ಲಿ ಮೂಡುವ ಅಕ್ಷರ

ಒಳಗಿರುವ ವಸ್ತು ಯಾವುದೆಂಬುದನ್ನು ಹೊರಗಿನಿಂದಲೇ ತಿಳಿಯಬೇಕೆಂಬ ಆಸೆ ಮನುಷ್ಯನಿಗೆ ಬಹಳ ಹಿಂದಿನಿಂದಲೂ ಇದೆ. ಉಪ್ಪಿನಕಾಯಿಯ ಜಾಡಿಗೆ ಚೀಟಿ ಅಂಟಿಸುವ ಗೃಹಿಣಿಯೂ, ಬೀಜದ ಚೀಲದ ಮೇಲೆ ತಳಿಯ ಹೆಸರನ್ನು ಬರೆದಿಡುವ ರೈತನೂ ಈ ಆಸೆಯನ್ನೇ ಪೂರೈಸಿಕೊಳ್ಳುತ್ತಾರೆ. ಇಂದು ಆ ಚೀಟಿಯು ಲೇಬಲ್ ಎಂಬ ಹೆಸರಿನಿಂದ ಎಲ್ಲೆಡೆಯೂ ಹರಡಿಕೊಂಡಿದೆ. ತರಕಾರಿಯ ಪೊಟ್ಟಣ, ಸಿದ್ಧ ಉಡುಪು, ಅಂಚೆಯ ಪೊಟ್ಟಣ, ಔಷಧದ ಪೆಟ್ಟಿಗೆ ಇವೆಲ್ಲವುಗಳ ಮೇಲೂ ಅಕ್ಷರಗಳೂ ಕಪ್ಪು ಗೆರೆಗಳೂ ಮೂಡಿರುವ ಪುಟ್ಟ ಕಾಗದವನ್ನು ನಾವು ಕಾಣುತ್ತೇವೆ. ನೋಡಿ ಹರಿದೆಸೆಯುವ ಈ ಕಾಗದಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ.

ಅದರ ಬೆಲೆ ತಿಳಿಯಬೇಕಾದರೆ ಒಂದು ದೊಡ್ಡ ಆಸ್ಪತ್ರೆಯ ಪ್ರಯೋಗಶಾಲೆಯನ್ನು ನೋಡಬೇಕು. ಬೆಳಗಿನ ಹೊತ್ತು ಅಲ್ಲಿಗೆ ನೂರಾರು ರೋಗಿಗಳ ರಕ್ತದ ಮಾದರಿಗಳು ಪುಟ್ಟ ಕೊಳವೆಗಳಲ್ಲಿ ಬಂದು ಸೇರುತ್ತವೆ. ಕೊಳವೆಗಳ ಆಕಾರ ಒಂದೇ. ಒಳಗಿನ ರಕ್ತದ ಬಣ್ಣವೂ ಒಂದೇ. ಬಡವನ ರಕ್ತವಾವುದು, ಬಲ್ಲಿದನ ರಕ್ತವಾವುದು, ಮಗುವಿನದಾವುದು, ಮುದುಕನದಾವುದು ಎಂದು ಕಣ್ಣಿನಿಂದ ನೋಡಿ ಹೇಳಬಲ್ಲವರು ಯಾರೂ ಇಲ್ಲ. ಅದನ್ನು ಹೇಳುವುದು ಕೊಳವೆಯ ಮೇಲಿನ ಲೇಬಲ್ ಒಂದೇ. ಆ ಲೇಬಲ್ ತಪ್ಪಿದರೆ ಒಬ್ಬರ ಪರೀಕ್ಷೆಯ ಫಲ ಮತ್ತೊಬ್ಬರ ಹೆಸರಿಗೆ ಹೋಗುತ್ತದೆ. ರಕ್ತದ ಗುಂಪನ್ನು ತಿಳಿಯಲು ತೆಗೆದ ಮಾದರಿಯೇ ಹೀಗೆ ಅದಲುಬದಲಾದರೆ ರೋಗಿಗೆ ಹೊಂದಿಕೆಯಾಗದ ರಕ್ತವನ್ನು ಕೊಡುವ ಸಂಭವವುಂಟು. ಅದರಿಂದ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಲೇಬಲ್ಲಿನ ಅಚ್ಚು ಸ್ಪಷ್ಟವಾಗಿರಬೇಕೆಂಬುದು ಅಂದಚಂದದ ಮಾತಲ್ಲ. ಅದು ಹೊಣೆಗಾರಿಕೆಯ ಮಾತು.

ಇಂತಹ ಲೇಬಲ್ಲುಗಳ ಮೇಲೆ ಕಾಣುವ ಕಪ್ಪು ಗೆರೆಗಳ ಸಾಲಿಗೆ ಬಾರ್‌ಕೋಡ್ ಎಂದು ಹೆಸರು. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬ ಇಬ್ಬರು ಈ ಕಲ್ಪನೆಗೆ ೧೯೫೨ರಲ್ಲಿ ಪೇಟೆಂಟ್ ಪಡೆದರು. ೧೯೭೪ನೆಯ ಜೂನ್ ೨೬ರಂದು ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ಮಿನ ಒಂದು ಪೊಟ್ಟಣದ ಬಾರ್‌ಕೋಡನ್ನು ಯಂತ್ರವು ಓದಿತು. ಇಂದು ಜಗತ್ತಿನ ಅಂಗಡಿಗಳಲ್ಲೆಲ್ಲ ಬಳಕೆಯಲ್ಲಿರುವ ಪದ್ಧತಿಗೆ ಅದೇ ಆರಂಭ. ಇದೇ ಕಾಲಕ್ಕೆ ಬಿಸಿಯಿಂದ ಅಚ್ಚು ಮೂಡಿಸುವ ವಿಧಾನವೂ ಬಳಕೆಗೆ ಬರುತ್ತಿತ್ತು. ೧೯೫೮ರಲ್ಲಿ ಸಂಯುಕ್ತ ವಿದ್ಯುನ್ಮಂಡಲವನ್ನು ನಿರ್ಮಿಸಿ, ಅದಕ್ಕಾಗಿ ೨೦೦೦ದಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ಜ್ಯಾಕ್ ಕಿಲ್ಬಿ ಅವರು ಉಷ್ಣಮುದ್ರಣವನ್ನು ರೂಪಿಸಿದವರಲ್ಲಿಯೂ ಪ್ರಮುಖರು. ಅವರು ಕೆಲಸ ಮಾಡುತ್ತಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ೧೯೭೧ರಲ್ಲಿ ಇಂತಹ ಯಂತ್ರವನ್ನು ಹೊರತಂದಿತು. ಬಡಿದು ಅಚ್ಚೊತ್ತುವ ಹಳೆಯ ಯಂತ್ರಗಳ ಗದ್ದಲವಿಲ್ಲದ ಕಾರಣ ಅದಕ್ಕೆ 'ಸೈಲೆಂಟ್ ೭೦೦' ಎಂಬ ಹೆಸರು ಬಂದಿತು.

ಉಷ್ಣಮುದ್ರಣ ಯಂತ್ರವನ್ನು ಜನರು ಥರ್ಮಲ್ ಪ್ರಿಂಟರ್ ಎಂದು ಕರೆಯುತ್ತಾರೆ. ಅದರ ಮುಖ್ಯ ಅಂಗ ಹೆಡ್. ಪಿಂಗಾಣಿಯಂತಹ ಗಟ್ಟಿ ಪಟ್ಟಿಯೊಂದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾವಿನ ಬಿಂದುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿರುತ್ತಾರೆ. ಸಾಮಾನ್ಯ ಯಂತ್ರದಲ್ಲಿ ಒಂದು ಮಿಲಿಮೀಟರಿಗೆ ೮ ಬಿಂದುಗಳಿರುತ್ತವೆ. ಹೆಡ್ಡಿನ ಅಗಲ ೧೦೪ ಮಿಲಿಮೀಟರ್ ಎಂದಾದರೆ ಬಿಂದುಗಳ ಸಂಖ್ಯೆ ೮೩೨. ಹೆಡ್ಡಿನ ಎದುರಿಗೆ ರಬ್ಬರಿನ ರೋಲರ್ ಇದೆ. ಅದು ಲೇಬಲ್ಲನ್ನು ಹೆಡ್ಡಿಗೆ ಒತ್ತಿ ಹಿಡಿದು ಮುಂದಕ್ಕೆ ಎಳೆಯುತ್ತದೆ. ಬೇಕಾದ ಬಿಂದುಗಳು ಕ್ಷಣಮಾತ್ರ ಕಾದು ತಣ್ಣಗಾಗುತ್ತವೆ. ಕಾದ ಕಡೆ ಕಪ್ಪು, ಕಾಯದ ಕಡೆ ಬಿಳುಪು. ಲೇಬಲ್ ಸೆಕೆಂಡಿಗೆ ೧೦೦ ಮಿಲಿಮೀಟರ್ ವೇಗದಲ್ಲಿ ಸಾಗಿದರೆ ಆ ಒಂದು ಸೆಕೆಂಡಿನಲ್ಲಿ ೮೦೦ ಸಾಲುಗಳು ಮೂಡಬೇಕು. ಎಂದರೆ ಒಂದೊಂದು ಸಾಲಿಗೂ ದೊರೆಯುವ ಕಾಲ ಸೆಕೆಂಡಿನ ೮೦೦ ಭಾಗಗಳಲ್ಲಿ ಒಂದು ಭಾಗ ಮಾತ್ರ. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ಸಂಗತಿಗಳು ಸುಲಭವಾಗಿ ಅರ್ಥವಾಗುತ್ತವೆ.

ಈ ಮುದ್ರಣದಲ್ಲಿ ಎರಡು ಬಗೆಗಳುಂಟು. ಮೊದಲನೆಯದರಲ್ಲಿ ಕಾಗದಕ್ಕೇ ರಾಸಾಯನಿಕ ಲೇಪವಿರುತ್ತದೆ. ಬಣ್ಣವಿಲ್ಲದ ಒಂದು ವರ್ಣದ್ರವ್ಯವೂ ಆಮ್ಲಗುಣದ ಇನ್ನೊಂದು ವಸ್ತುವೂ ಆ ಲೇಪದಲ್ಲಿ ಬೇರೆಬೇರೆ ಕಣಗಳಾಗಿ ಇರುತ್ತವೆ. ಬಿಸಿ ತಾಗಿದೊಡನೆ ಅವು ಕರಗಿ ಕೂಡಿಕೊಂಡು ಕಪ್ಪಾಗುತ್ತವೆ. ಇಲ್ಲಿ ಶಾಯಿಯ ಅಗತ್ಯವೇ ಇಲ್ಲ. ಬಸ್ಸಿನ ನಿರ್ವಾಹಕರು ಕೈಯಂತ್ರದಿಂದ ಹರಿದುಕೊಡುವ ಟಿಕೆಟ್ಟು ಸಾಮಾನ್ಯವಾಗಿ ಈ ಬಗೆಯದು. ಎರಡನೆಯ ಬಗೆಯಲ್ಲಿ ಹೆಡ್ಡಿಗೂ ಲೇಬಲ್ಲಿಗೂ ನಡುವೆ ರಿಬ್ಬನ್ ಹಾದುಹೋಗುತ್ತದೆ. ಅದರ ಮೇಲಿನ ಕಪ್ಪು ಲೇಪ ಬಿಸಿಗೆ ಕರಗಿ ಲೇಬಲ್ಲಿಗೆ ಅಂಟುತ್ತದೆ. ಆ ಲೇಪವು ಮೇಣದ್ದಾಗಿರಬಹುದು, ರಾಳದ್ದಾಗಿರಬಹುದು, ಇಲ್ಲವೆ ಎರಡೂ ಬೆರೆತದ್ದಾಗಿರಬಹುದು. ಕೈಯಲ್ಲಿರುವ ಲೇಬಲ್ ಯಾವ ಬಗೆಯದೆಂದು ತಿಳಿಯಲು ಉಗುರಿನಿಂದ ಒಮ್ಮೆ ವೇಗವಾಗಿ ಗೀರಿದರೆ ಸಾಕು. ತಿಕ್ಕಾಟದ ಬಿಸಿಗೆ ಕಪ್ಪು ಗೆರೆ ಮೂಡಿದರೆ ಅದು ಮೊದಲನೆಯ ಬಗೆ. ಏನೂ ಮೂಡದಿದ್ದರೆ ಅದಕ್ಕೆ ರಿಬ್ಬನ್ ಬೇಕು.

ಅಚ್ಚು ಕೆಟ್ಟಾಗ ಹಲವರು ಮೊದಲು ಮಾಡುವ ಕೆಲಸವೆಂದರೆ ಕೈಗೆ ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತುವುದು. 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದೆ. ಕಾವು, ವೇಗ, ಒತ್ತಡ, ಕಾಗದ, ರಿಬ್ಬನ್ ಇವೆಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂಬುದು ತಿಳಿಯುವುದಿಲ್ಲ. ನಾಳೆ ಅದೇ ದೋಷ ಮರಳಿ ಬಂದಾಗ ಮತ್ತೆ ಕತ್ತಲೆಯೇ. ಆದುದರಿಂದ ಒಂದು ಬಾರಿಗೆ ಒಂದನ್ನೇ ಬದಲಾಯಿಸಿ, ಒಂದು ಲೇಬಲ್ ಅಚ್ಚುಮಾಡಿ, ಹಿಂದಿನದರ ಪಕ್ಕದಲ್ಲಿಟ್ಟು ನೋಡಬೇಕು. ವೈದ್ಯನು ನಾಡಿಯನ್ನು ನೋಡುವಂತೆ ಕೆಟ್ಟ ಲೇಬಲ್ಲನ್ನೇ ಮೊದಲು ಓದಬೇಕು. ದೋಷದ ಆಕಾರವೇ ಅದರ ಕಾರಣವನ್ನು ಹೇಳುತ್ತದೆ.

ಲೇಬಲ್ ಪೂರ್ತಿ ಬಿಳಿಯಾಗಿಯೇ ಹೊರಬಂದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಾಗಿಲ್ಲ. ರಿಬ್ಬನ್ ಬೇಡದ ಯಂತ್ರಕ್ಕೆ ಲೇಪವಿಲ್ಲದ ಕಾಗದವನ್ನು ಹಾಕಿರಬಹುದು, ಅಥವಾ ರೋಲನ್ನು ತಲೆಕೆಳಗಾಗಿ ಇಟ್ಟಿರಬಹುದು. ರಿಬ್ಬನ್ ಇರುವ ಯಂತ್ರದಲ್ಲಿ ಅದರ ಮಸಿಯ ಮೈ ಲೇಬಲ್ಲಿನ ಕಡೆಗಿರದೆ ಹೆಡ್ಡಿನ ಕಡೆಗಿರಬಹುದು. ರಿಬ್ಬನ್ನುಗಳಲ್ಲಿ ಮಸಿ ಹೊರಗಿರುವಂತೆ ಸುತ್ತಿದವೂ ಉಂಟು, ಒಳಗಿರುವಂತೆ ಸುತ್ತಿದವೂ ಉಂಟು. ಒಂದು ಲೇಬಲ್ಲಿನ ಅಂಟಿನ ಭಾಗವನ್ನು ರಿಬ್ಬನ್ನಿನ ಮೇಲೆ ಒತ್ತಿ ಕಿತ್ತರೆ, ಮಸಿ ಕಿತ್ತುಬಂದ ಮೈ ಯಾವುದೋ ಅದೇ ಲೇಬಲ್ಲಿನ ಕಡೆಗೆ ಇರತಕ್ಕದ್ದು.

ಅಚ್ಚು ಎಲ್ಲ ಕಡೆಯೂ ಸಮವಾಗಿ ಮಸುಕಾಗಿದ್ದರೆ ಬಿಂದುಗಳ ಬಿಸಿ ಸಾಲದೆಂದು ತಿಳಿಯಬಹುದು. ಅದಕ್ಕೆ ಎರಡು ಪರಿಹಾರಗಳುಂಟು: ಕಾವನ್ನು ಹೆಚ್ಚಿಸುವುದು, ಇಲ್ಲವೆ ವೇಗವನ್ನು ತಗ್ಗಿಸುವುದು. ವೇಗ ತಗ್ಗಿದರೆ ಒಂದೊಂದು ಸಾಲಿಗೂ ಹೆಚ್ಚು ಕಾಲ ದೊರೆಯುತ್ತದೆ. ಮೊದಲು ವೇಗವನ್ನು ತಗ್ಗಿಸಿ ನೋಡಿ, ಆಮೇಲೆ ಕಾವನ್ನು ಏರಿಸುವುದು ಒಳ್ಳೆಯದು. ಏಕೆಂದರೆ ಕಾವು ಹೆಚ್ಚಿದಷ್ಟೂ ಹೆಡ್ಡಿನ ಆಯುಷ್ಯ ಕಡಿಮೆಯಾಗುತ್ತದೆ. ಸ್ಪಷ್ಟವಾದ ಅಚ್ಚು ಎಷ್ಟು ಕಡಿಮೆ ಕಾವಿನಲ್ಲಿ ದೊರೆಯುವುದೋ ಅಷ್ಟೇ ಯೋಗ್ಯವಾದ ಕಾವು.

ಕಪ್ಪು ಹೆಚ್ಚಿದಷ್ಟೂ ಅಚ್ಚು ಒಳ್ಳೆಯದೆಂಬ ಭಾವನೆ ತಪ್ಪು. ಕಾವು ಮಿತಿಮೀರಿದರೆ ಗೆರೆಗಳು ದಪ್ಪವಾಗಿ ನಡುವಿನ ಬಿಳಿಯ ಜಾಗವನ್ನು ನುಂಗಿಬಿಡುತ್ತವೆ. ಬಾರ್‌ಕೋಡಿನಲ್ಲಿ ಕಪ್ಪು ಗೆರೆಗೆ ಎಷ್ಟು ಅರ್ಥವುಂಟೋ ಬಿಳಿಯ ಎಡೆಗೂ ಅಷ್ಟೇ ಅರ್ಥವುಂಟು. ನಮ್ಮ ಲಿಪಿಗೂ ಈ ಮಾತು ಸಲ್ಲುತ್ತದೆ. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ಭೇದ ಕೆಳಗಿನ ಒಂದು ಪುಟ್ಟ ಗೀಟು. 'ಪ'ಕಾರಕ್ಕೂ 'ಷ'ಕಾರಕ್ಕೂ ಇರುವ ಭೇದ ಒಳಗಿನ ಒಂದು ಗೆರೆ. ಎರಡು ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಸಾಮಾನ್ಯ ಯಂತ್ರದಲ್ಲಿ ಸಿಗುವುದು ೧೬ ಬಿಂದುಗಳ ಎತ್ತರ ಮಾತ್ರ. ಒತ್ತಕ್ಷರವೂ ಕೊಂಬೂ ಅದರೊಳಗೇ ಅಡಗಬೇಕು. ಮಸಿ ಹರಡಿ ಆ ಗೀಟು ಮುಚ್ಚಿಹೋದರೆ 'ಧನ'ವು 'ದನ'ವಾಗಲು ಎಷ್ಟು ಹೊತ್ತು? ಆದುದರಿಂದ ಕನ್ನಡದ ಲೇಬಲ್ಲಿಗೆ ಅಕ್ಷರಗಳು ಸ್ವಲ್ಪ ದೊಡ್ಡವಾಗಿರಬೇಕು, ಇಲ್ಲವೆ ಮಿಲಿಮೀಟರಿಗೆ ೧೨ ಬಿಂದುಗಳಿರುವ ಯಂತ್ರವನ್ನು ಬಳಸಬೇಕು.

ಲೇಬಲ್ ಸಾಗುವ ದಿಕ್ಕಿನಲ್ಲಿಯೇ ಉದ್ದಕ್ಕೂ ಒಂದು ತೆಳುವಾದ ಬಿಳಿಗೆರೆ ಕಂಡರೆ ಹೆಡ್ಡಿನ ಆ ಜಾಗವನ್ನು ಪರೀಕ್ಷಿಸಬೇಕು. ಧೂಳು, ಅಂಟು ಅಥವಾ ಕಾಗದದ ಪುಡಿ ಒಂದು ಬಿಂದುವಿನ ಮೇಲೆ ಕುಳಿತರೆ ಅಲ್ಲಿಯ ಬಿಸಿ ಲೇಬಲ್ಲಿಗೆ ತಲುಪುವುದಿಲ್ಲ. ಶುಚಿಮಾಡಿದ ಮೇಲೆ ಗೆರೆ ಹೋದರೆ ಅದು ಕೊಳೆಯ ದೋಷ. ಎರಡು ಮೂರು ಬಾರಿ ಶುಚಿಮಾಡಿದರೂ ಅದೇ ಜಾಗದಲ್ಲಿ ಗೆರೆ ಉಳಿದರೆ ಆ ಬಿಂದು ಸುಟ್ಟುಹೋಗಿದೆಯೆಂದೇ ತಿಳಿಯಬೇಕು. ಸುಟ್ಟ ಬಿಂದುವನ್ನು ಸರಿಪಡಿಸಲು ಬರುವುದಿಲ್ಲ, ಹೆಡ್ಡನ್ನೇ ಬದಲಿಸಬೇಕು. ಬಾರ್‌ಕೋಡಿನ ಗೆರೆಗಳು ಲೇಬಲ್ ಸಾಗುವ ದಿಕ್ಕಿನಲ್ಲಿಯೇ ಇದ್ದರೆ ಒಂದು ಸತ್ತ ಬಿಂದು ಒಂದು ತೆಳುಗೆರೆಯನ್ನು ಪೂರ್ತಿ ಅಳಿಸಿಬಿಡಬಹುದು. ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಅಡ್ಡಲಾಗಿದ್ದರೆ ಪ್ರತಿ ಗೆರೆಯಲ್ಲಿಯೂ ಒಂದು ಸಣ್ಣ ಬಿರುಕು ಮಾತ್ರ ಬೀಳುತ್ತದೆ; ಸ್ಕ್ಯಾನರ್ ಪಕ್ಕದಿಂದ ಓದಿಕೊಳ್ಳುತ್ತದೆ. ಆದರೆ ಅಡ್ಡಗೆರೆಗಳನ್ನು ಅತಿವೇಗದಲ್ಲಿ ಅಚ್ಚುಮಾಡಿದರೆ ಬಿಂದುಗಳು ತಣ್ಣಗಾಗಲು ಸಮಯ ಸಾಲದೆ ಗೆರೆಗಳ ಅಂಚು ಕದಡುತ್ತದೆ. ಅಲ್ಲಿ ವೇಗವನ್ನು ಇಳಿಸಬೇಕು.

ಬಿಳಿಗೆರೆ ಓರೆಯಾಗಿದ್ದರೆ ಅದು ಹೆಡ್ಡಿನ ದೋಷವಲ್ಲ. ರಿಬ್ಬನ್ನಿನಲ್ಲಿ ಬಿದ್ದ ಸುಕ್ಕು. ರಿಬ್ಬನ್ನನ್ನು ನೇರವಾಗಿ ಕೂರಿಸಿ ಅದರ ಬಿಗಿಯನ್ನು ಸರಿಮಾಡಬೇಕು. ರಿಬ್ಬನ್ ಲೇಬಲ್ಲಿಗಿಂತ ತುಸು ಅಗಲವಾಗಿರಬೇಕು. ಕಿರಿದಾಗಿದ್ದರೆ ಲೇಬಲ್ಲಿನ ಒರಟು ಅಂಚು ಹೆಡ್ಡನ್ನು ತಿಕ್ಕಿ ಸವೆಸುತ್ತದೆ. ಲೇಬಲ್ಲಿನ ಒಂದು ಮಗ್ಗುಲು ಮಾತ್ರ ಮಸುಕಾಗಿದ್ದರೆ ಆ ಕಡೆಯ ಒತ್ತಡ ಕಡಿಮೆಯೆಂದು ಅರ್ಥ. ಒಂದೇ ಬಗೆಯ ಕಲೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಕಾಣಿಸಿದರೆ ರೋಲರನ್ನು ನೋಡಬೇಕು. ರೋಲರಿನ ವ್ಯಾಸ ೧೬ ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು ೫೦ ಮಿಲಿಮೀಟರ್. ಕಲೆಯೂ ಸುಮಾರು ೫೦ ಮಿಲಿಮೀಟರಿಗೊಮ್ಮೆ ಬರುತ್ತಿದ್ದರೆ ರೋಲರಿನ ಮೇಲೆ ಲೇಬಲ್ಲಿನ ಚೂರು ಅಂಟಿದೆ ಅಥವಾ ರಬ್ಬರಿನಲ್ಲಿ ಗುಳಿ ಬಿದ್ದಿದೆ ಎಂದು ನಿಶ್ಚಯಿಸಬಹುದು. ತರಗತಿಯಲ್ಲಿ ಕಲಿತ ವೃತ್ತದ ಸೂತ್ರ ಇಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆ.

ಅಚ್ಚು ಚೆನ್ನಾಗಿದ್ದರೂ ಅದು ಲೇಬಲ್ಲಿನ ಮೇಲೆ ಸರಿಯಾದ ಜಾಗದಲ್ಲಿ ಬೀಳದೆ ಮೇಲಕ್ಕೂ ಕೆಳಕ್ಕೂ ಅಲೆದಾಡುವುದುಂಟು. ಎರಡು ಲೇಬಲ್ಲುಗಳ ನಡುವಿನ ಎಡೆಯನ್ನು ಗುರುತಿಸಲು ಯಂತ್ರದಲ್ಲಿ ಸೆನ್ಸರ್ ಎಂಬ ಬೆಳಕಿನ ಕಣ್ಣಿದೆ. ಲೇಬಲ್ ಇದ್ದ ಕಡೆ ಬೆಳಕು ಕಡಿಮೆ ಹಾಯುತ್ತದೆ. ಎಡೆಯಿದ್ದ ಕಡೆ ಹೆಚ್ಚು ಹಾಯುತ್ತದೆ. ಹೊಸ ಬಗೆಯ ರೋಲ್ ಹಾಕಿದಾಗ ಆ ಕಣ್ಣಿಗೆ ಹೊಸ ಕಾಗದದ ಪರಿಚಯವನ್ನು ಮಾಡಿಕೊಡಬೇಕು. ಇದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಆ ಕಣ್ಣಿನ ಮೇಲೆ ಧೂಳು ಕುಳಿತರೂ ಇದೇ ದೋಷ ತಲೆದೋರುತ್ತದೆ.

ಇನ್ನು ಕೆಲವು ದೋಷಗಳು ಅಚ್ಚಾದ ಕೂಡಲೆ ಕಾಣದೆ ದಿನ ಕಳೆದಂತೆ ಕಾಣುತ್ತವೆ. ಪ್ಲಾಸ್ಟಿಕ್ ಲೇಬಲ್ಲಿಗೆ ಮೇಣದ ರಿಬ್ಬನ್ ಬಳಸಿದರೆ ಬೆರಳು ತಿಕ್ಕಿದೊಡನೆ ಅಚ್ಚು ಅಳಿಸಿಹೋಗುತ್ತದೆ. ಕಾಗದಕ್ಕೆ ಮೇಣ, ಪ್ಲಾಸ್ಟಿಕ್ಕಿಗೆ ರಾಳ ಎಂಬುದು ಸ್ಥೂಲವಾದ ನಿಯಮ. ಲೇಪವುಳ್ಳ ಕಾಗದದ ಅಚ್ಚು ಬಿಸಿಲಿಗೂ ಕಾವಿಗೂ ತಾಳುವುದಿಲ್ಲ. ಆಲ್ಕೋಹಾಲ್ ತಾಗಿದರೆ ಕಾಗದವೇ ಕಪ್ಪಾಗಬಹುದು, ಇಲ್ಲವೆ ಅಕ್ಷರ ಮಾಸಿಹೋಗಬಹುದು. ಆಸ್ಪತ್ರೆಯಲ್ಲಿ ಕೈಯನ್ನೂ ಮೇಜನ್ನೂ ಆಲ್ಕೋಹಾಲಿನಿಂದಲೇ ಒರೆಸುತ್ತಾರೆ. ಅಂದಮೇಲೆ ಒಂದೆರಡು ದಿನ ಬಾಳಬೇಕಾದ ಚೀಟಿಗೆ ಲೇಪದ ಕಾಗದ ಸಾಕಾದರೂ ಬಹುಕಾಲ ಕಾಪಾಡಬೇಕಾದ ಮಾದರಿಗೆ ರಾಳದ ಅಚ್ಚೇ ಯೋಗ್ಯ. ದುಂಡಗಿನ ಕೊಳವೆಯ ಸುತ್ತ ಬಾರ್‌ಕೋಡನ್ನು ಸುತ್ತಿ ಅಂಟಿಸಿದರೆ ಸ್ಕ್ಯಾನರಿಗೆ ಅದರ ಎರಡು ತುದಿಗಳೂ ಒಮ್ಮೆಗೆ ಕಾಣುವುದಿಲ್ಲ. ಅದು ಕೊಳವೆಯ ಉದ್ದಕ್ಕೆ ಸಾಗುವಂತೆ ಅಂಟಿಸುವುದೇ ಸರಿಯಾದ ಕ್ರಮ.

ಬಹುಪಾಲು ದೋಷಗಳು ಬಾರದಂತೆ ತಡೆಯುವ ಉಪಾಯ ಶುಚಿತ್ವ. ಹೊಸ ರೋಲ್ ಅಥವಾ ಹೊಸ ರಿಬ್ಬನ್ ಹಾಕುವಾಗಲೆಲ್ಲ ಹೆಡ್ಡನ್ನು ಒರೆಸುವುದು ಒಳ್ಳೆಯ ಅಭ್ಯಾಸ. ಮೊದಲು ವಿದ್ಯುತ್ತನ್ನು ನಿಲ್ಲಿಸಿ ಹೆಡ್ಡು ತಣ್ಣಗಾಗುವವರೆಗೆ ಕಾಯಬೇಕು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ, ಎಳೆ ಬಿಡದ ಮೆತ್ತನೆಯ ಬಟ್ಟೆಯಿಂದ ಮೃದುವಾಗಿ ಒರೆಸಿ, ಪೂರ್ತಿ ಆರಿದ ಮೇಲೆ ಯಂತ್ರವನ್ನು ನಡೆಸಬೇಕು. ಚಾಕು, ಸೂಜಿ, ಉಗುರು ಇವುಗಳಿಂದ ಕೆರೆಯಲೇಬಾರದು. ಮೇಲಿನ ತೆಳುವಾದ ಗಾಜಿನಂತಹ ರಕ್ಷಾಲೇಪಕ್ಕೆ ಗೀರು ಬಿದ್ದರೆ ಶುಚಿಮಾಡಲು ಹೋದವನೇ ಹೆಡ್ಡನ್ನು ಕೆಡಿಸಿದಂತಾಗುತ್ತದೆ.

ಇಷ್ಟಾದರೂ ಅಚ್ಚು ಕೆಟ್ಟರೆ ಯಂತ್ರವು ತಪ್ಪು ಓದುವುದಿಲ್ಲವೇ ಎಂಬ ಸಂಶಯ ಬರಬಹುದು. ಅದಕ್ಕೂ ಒಂದು ಕಾವಲುಂಟು. ಅಂಗಡಿಯ ಸರಕಿನ ಮೇಲೆ ೧೩ ಅಂಕಿಗಳ ಸಂಖ್ಯೆಯಿರುತ್ತದೆ. ಭಾರತದಲ್ಲಿ ನೋಂದಾಯಿಸಿದ ಸಂಖ್ಯೆಗಳ ಮೊದಲ ಮೂರು ಅಂಕಿ ೮೯೦. ಕೊನೆಯ ಅಂಕಿ ತಾಳೆ ನೋಡುವುದಕ್ಕಾಗಿ ಇರುವಂಥದು. ಉದಾಹರಣೆಗೆ ೮೯೦೧೨೩೪೫೬೭೮೯ ಎಂಬ ೧೨ ಅಂಕಿಗಳನ್ನು ತೆಗೆದುಕೊಳ್ಳೋಣ. ೧, ೩, ೫ ಮುಂತಾದ ಬೆಸ ಸ್ಥಾನದ ಅಂಕಿಗಳ ಮೊತ್ತ ೨೮. ಸಮ ಸ್ಥಾನದ ಅಂಕಿಗಳ ಮೊತ್ತ ೩೪. ಅದರ ಮೂರರಷ್ಟು ೧೦೨. ಎರಡನ್ನೂ ಕೂಡಿಸಿದರೆ ೧೩೦. ಇದು ಹತ್ತರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ತಾಳೆಯ ಅಂಕಿ ಸೊನ್ನೆ. ಮೂರನೆಯ ಸ್ಥಾನದ ಸೊನ್ನೆಯನ್ನು ಎಂಟೆಂದು ಓದಿದರೆ ಮೊತ್ತ ೧೩೮ ಆಗಿ ತಾಳೆಯ ಅಂಕಿ ೨ ಆಗಬೇಕಾಗುತ್ತದೆ. ಆದರೆ ಲೇಬಲ್ಲಿನಲ್ಲಿರುವುದು ಸೊನ್ನೆ. ಹೀಗೆ ಲೆಕ್ಕ ಹೊಂದದಿದ್ದಾಗ ಯಂತ್ರವು ಓದಲು ನಿರಾಕರಿಸುತ್ತದೆ. ಆಸ್ಪತ್ರೆಯ ಬಾರ್‌ಕೋಡುಗಳಲ್ಲಿಯೂ ಬೇರೆ ಬಗೆಯ ತಾಳೆಯ ಗುರುತುಂಟು. ತಪ್ಪು ಓದುವುದಕ್ಕಿಂತ ಓದದಿರುವುದು ಲೇಸೆಂಬುದು ಯಂತ್ರಕ್ಕೆ ಕಲಿಸಿದ ವಿವೇಕ.

ಈ ವಿವೇಕವು ಮನುಷ್ಯನಿಗೂ ಬೇಕು. ಸ್ಕ್ಯಾನರ್ ಓದಲಿಲ್ಲವೆಂದು ಮಾಸಿದ ಗೆರೆಯನ್ನು ಪೆನ್ನಿನಿಂದ ತಿದ್ದುವುದು, ಅರ್ಧ ಕಂಡ ಅಂಕಿಯನ್ನು ಊಹಿಸಿ ಬರೆಯುವುದು ಇವು ಯಂತ್ರವು ನಿಲ್ಲಿಸಿದ ತಪ್ಪನ್ನು ಕೈಯಾರೆ ಮುಂದೆ ಕಳುಹಿಸಿದಂತೆ. ಅನುಮಾನ ಬಂದ ಕಡೆ ನಿಂತು, ಮೂಲವನ್ನು ನೋಡಿ, ಹೊಸ ಲೇಬಲ್ಲನ್ನು ಅಚ್ಚುಮಾಡಬೇಕು. ಇನ್ನೊಂದು ಎಚ್ಚರಿಕೆಯನ್ನೂ ಮರೆಯಬಾರದು. ಮಸುಕಾದ ಲೇಬಲ್ ಕೆಲಸವನ್ನು ತಡೆಯುತ್ತದೆ. ಆದರೆ ಬೇರೊಬ್ಬರ ಕೊಳವೆಗೆ ಅಂಟಿಸಿದ ಸ್ಪಷ್ಟವಾದ ಲೇಬಲ್ ಯಾವ ತಡೆಯೂ ಇಲ್ಲದೆ ಮುಂದೆ ಸಾಗುತ್ತದೆ. ಅದನ್ನು ಹಿಡಿಯಬಲ್ಲ ತಾಳೆಯ ಅಂಕಿ ಯಾವ ಬಾರ್‌ಕೋಡಿನಲ್ಲಿಯೂ ಇಲ್ಲ. ಆದುದರಿಂದಲೇ ರಕ್ತವನ್ನು ತೆಗೆದ ಸ್ಥಳದಲ್ಲಿಯೇ, ರೋಗಿಯ ಎದುರಿನಲ್ಲಿಯೇ, ಅವರ ಹೆಸರನ್ನು ಅವರ ಬಾಯಿಂದಲೇ ಕೇಳಿ ಲೇಬಲ್ ಅಂಟಿಸಬೇಕೆಂಬ ನಿಯಮವನ್ನು ಮಾಡಿದ್ದಾರೆ. ಯಂತ್ರವು ಅಕ್ಷರವನ್ನು ಚೆನ್ನಾಗಿ ಮೂಡಿಸಬಲ್ಲದು. ಆ ಅಕ್ಷರ ಸತ್ಯವಾಗಿರುವಂತೆ ನೋಡಿಕೊಳ್ಳುವ ಹೊಣೆ ಅಂಟಿಸುವ ಕೈಗೆ ಸೇರಿದ್ದು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. 'ಸೈಲೆಂಟ್ ೭೦೦' ಎಂಬ ಹೆಸರು ಬರಲು ಕಾರಣವೇನು?
೨. ಲೇಬಲ್ಲನ್ನು ಉಗುರಿನಿಂದ ಗೀರುವುದರಿಂದ ಏನು ತಿಳಿಯುತ್ತದೆ?
೩. ಓರೆಯಾದ ಬಿಳಿಗೆರೆ ಯಾವುದರ ದೋಷವನ್ನು ಸೂಚಿಸುತ್ತದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಒಂದು ಬಾರಿಗೆ ಒಂದನ್ನೇ ಬದಲಾಯಿಸಬೇಕು, ಏಕೆ?
೨. ಅಚ್ಚು ಅತಿ ಕಪ್ಪಾದರೆ ಕನ್ನಡ ಲಿಪಿಗೆ ಒದಗುವ ತೊಂದರೆಯನ್ನು ವಿವರಿಸಿರಿ.
೩. 'ತಪ್ಪು ಓದುವುದಕ್ಕಿಂತ ಓದದಿರುವುದು ಲೇಸು' ಎಂಬ ಮಾತನ್ನು ಸಮರ್ಥಿಸಿರಿ.

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಒಂದೊಂದು, ಕೈಯಲ್ಲಿ, ಓದಲಿಲ್ಲವೆಂದು.

ಈ. ನಿಮ್ಮ ಮನೆಗೆ ತಂದ ಒಂದು ಸರಕಿನ ಮೇಲಿರುವ ೧೩ ಅಂಕಿಗಳನ್ನು ಬರೆದುಕೊಂಡು, ಕೊನೆಯ ಅಂಕಿ ಲೆಕ್ಕಕ್ಕೆ ಹೊಂದುವುದೇ ಎಂದು ಪರೀಕ್ಷಿಸಿರಿ.